ಹಳೆಮನೆಯ ಬಿಸಿನೀರು ಕೈಕೊಟ್ಟಾಗ: ಮಂಗಳೂರು, ಉಡುಪಿಯ ಮನೆಗಳಿಗೆ ಗೀಸರ್, ಸೋಲಾರ್, ಬಾಯ್ಲರ್ ದುರಸ್ತಿಯ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಮನೆ ಬೆಚ್ಚಗಿಡುವ ಯಂತ್ರ ಯಾರಿಗೂ ಬೇಡ. ಆದರೆ ಜೂನ್ ತಿಂಗಳ ಜಡಿಮಳೆಯ ಬೆಳಿಗ್ಗೆ ಮೀಯಲು ಬಿಸಿನೀರಿಲ್ಲ ಎಂದರೆ ಮನೆಯ ಹಿರಿಯರಿಗೂ ಬಾಣಂತಿಗೂ ಕಷ್ಟವೇ. ಮಂಗಳೂರಿನ ಮಣ್ಣಗುಡ್ಡ, ಬಿಜೈ, ಜೆಪ್ಪು, ಉಡುಪಿಯ ತೆಂಕಪೇಟೆ, ಬಡಗುಪೇಟೆಯಂಥ ಹಳೆಯ ಕೇರಿಗಳಲ್ಲಿ ಈ ತೊಂದರೆ ಸ್ವಲ್ಪ ಬೇರೆ ಥರದ್ದು. ಮನೆ ಹಂಚಿನದ್ದು, ಗೋಡೆ ಮುರಕಲ್ಲಿನದ್ದು, ವೈರಿಂಗ್ ಅಜ್ಜನ ಕಾಲದ್ದು, ಗೀಸರ್ ಮಾತ್ರ ಮೊನ್ನೆ ಮೊನ್ನೆ ತಂದದ್ದು. ಹೆಚ್ಚಿನ ಕಡೆ ಗೀಸರ್ ಕೆಟ್ಟಿರುವುದಿಲ್ಲ, ಅದಕ್ಕೆ ಬರುವ ಕರೆಂಟು ಅಥವಾ ನೀರು ಸರಿಯಿರುವುದಿಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಗೀಸರ್ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಮುಕ್ಕಾಲು ಭಾಗ ಗಡಸು ನೀರಿನ ಊರಿನವು. ಸುಣ್ಣ ಕಟ್ಟುತ್ತದೆ, ಕೆರೆದು ತೆಗೆಯಿರಿ ಎನ್ನುತ್ತವೆ. ನಮ್ಮ ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಜೊತೆಗೆ ಸ್ವಲ್ಪ ಆಮ್ಲೀಯ, ಎಷ್ಟೋ ಕಡೆ ಕಬ್ಬಿಣದ ಅಂಶವೂ ಇದೆ. ಅದು ಸುಣ್ಣ ಕಟ್ಟುವುದು ಕಡಿಮೆ, ಲೋಹ ತಿನ್ನುವುದು ಹೆಚ್ಚು. ತಾಮ್ರದ ಪೈಪ್ ಇರುವ ಮನೆಯಲ್ಲಿ ವಾಶ್ ಬೇಸಿನ್ ಮೇಲೆ ಹಸಿರು ನೀಲಿ ಕಲೆ ಕಂಡರೆ ಅದು ಆಮ್ಲೀಯ ನೀರು ತಾಮ್ರವನ್ನು ಕರಗಿಸುತ್ತಿರುವ ಗುರುತು. ಸುಣ್ಣದ ಕಾಟ ಮುಖ್ಯವಾಗಿ ಕೆಲವು ಬೋರ್‌ವೆಲ್ ಮನೆಗಳಲ್ಲಿ. ನದಿ, ಸಮುದ್ರದ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಏರಿದರೆ ಸ್ಟೀಲ್ ಟ್ಯಾಂಕಿನಲ್ಲೂ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ತುಂಬೆ ಅಣೆಕಟ್ಟಿನಿಂದಲೋ ಉಡುಪಿಯ ಬಜೆಯಿಂದಲೋ ಬರುವ ನಲ್ಲಿ ನೀರು ಮತ್ತು ಮನೆಯ ಬಾವಿನೀರು, ಎರಡೂ ಒಂದೇ ಟ್ಯಾಂಕಿಗೆ ಬೀಳುವ ಮನೆಗಳೇ ಹೆಚ್ಚು. ಹಾಗಾಗಿ ನಿಮ್ಮ ಗೀಸರ್ ಯಾವ ನೀರು ಕುಡಿಯುತ್ತದೆ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ತಕ್ಷಣ ಆಫ್ ಮಾಡಬೇಕಾದ ಸಂದರ್ಭಗಳು

ನಲ್ಲಿ ಮುಟ್ಟಿದಾಗ ಅಥವಾ ನೀರು ಮೈಮೇಲೆ ಬಿದ್ದಾಗ ಜುಮ್ ಎಂದರೆ, ನಲ್ಲಿಯಿಂದ ಹಬೆ ಬುಸುಗುಟ್ಟಿದರೆ, ಪ್ಲಗ್ಗಿನಿಂದ ಸುಟ್ಟ ವಾಸನೆ ಬಂದರೆ ಗೀಸರಿನ ಸ್ವಿಚ್ಚಲ್ಲ, ಮೀಟರ್ ಬೋರ್ಡಿನ ಮೇನ್ ಸ್ವಿಚ್ಚೇ ಆಫ್ ಮಾಡಿ. ಯಾರಿಗಾದರೂ ಶಾಕ್ ಹೊಡೆದಿದ್ದರೆ ಮೇನ್ ತೆಗೆಯುವ ತನಕ ಅವರನ್ನು ಮುಟ್ಟಬೇಡಿ, ಆಮೇಲೆ 108ಕ್ಕೆ ಕರೆ ಮಾಡಿ.

ಸ್ವಿಚ್ ಆಫ್ ಮಾಡಿದರೂ ಸಾಲದು ಎನ್ನಲು ಕಾರಣವಿದೆ. ಹಳೆಯ ವೈರಿಂಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿರುವುದು ಅಪರೂಪವಲ್ಲ. ಹಾಗಿದ್ದರೆ ಒಂದೇ ತಂತಿಯನ್ನು ಕಡಿಯುವ ಮಾಮೂಲಿ ಸ್ವಿಚ್ ನ್ಯೂಟ್ರಲನ್ನಷ್ಟೇ ಕಡಿಯುತ್ತದೆ. ದೀಪ ಆರುತ್ತದೆ, ನೀರು ಬಿಸಿಯಾಗುವುದು ನಿಲ್ಲುತ್ತದೆ, ಆದರೆ ನೀರು ಕಾಯಿಸುವ ಒಳಗಿನ ಕಾಯಿಲ್‌ನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಗೀಸರಿಗೆ ಎರಡೂ ತಂತಿ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಬೇಕು, ಅದೂ ಬಚ್ಚಲಿನ ಹೊರಗಿನ ಗೋಡೆಯಲ್ಲಿ. ನೀರು ಕಾಯಿಸಿ, ಸ್ವಿಚ್ ತೆಗೆದು, ಆಮೇಲೆ ಮೀಯಲು ಹೋಗುವ ಹಳೆಯ ಅಭ್ಯಾಸ ಒಳ್ಳೆಯದೇ. ಈ ಸ್ವಿಚ್ ಇದ್ದರೆ ಮಾತ್ರ ಅದಕ್ಕೆ ಪೂರ್ತಿ ಅರ್ಥ.

ಬಿದ್ದದ್ದು ಯಾವುದು, ಎಂಸಿಬಿಯೋ ಇಎಲ್‌ಸಿಬಿಯೋ?

"ಕರೆಂಟ್ ಟ್ರಿಪ್ ಆಗ್ತದೆ" ಎಂದಷ್ಟೇ ಹೇಳಿದರೆ ಎಲೆಕ್ಟ್ರಿಷಿಯನ್‌ಗೆ ಅರ್ಧ ಮಾಹಿತಿಯೂ ಸಿಗುವುದಿಲ್ಲ. ಬೋರ್ಡಿನ ಮುಂದೆ ನಿಂತು ಯಾವ ಗುಂಡಿ ಕೆಳಗೆ ಬಿದ್ದಿದೆ ನೋಡಿ. ಸಣ್ಣ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್, ಬಿದ್ದಿದ್ದರೆ ಲೋಡ್ ಹೆಚ್ಚಾಗಿದೆ ಅಥವಾ ಶಾರ್ಟ್ ಆಗಿದೆ. ಟೆಸ್ಟ್ ಎಂಬ ಸಣ್ಣ ಒತ್ತುಗುಂಡಿ ಇರುವ ಅಗಲದ ಸ್ವಿಚ್, ಅಂದರೆ ನಾವು ಇಎಲ್‌ಸಿಬಿ ಎಂದೇ ಕರೆಯುವ ಆರ್‌ಸಿಸಿಬಿ ಬಿದ್ದಿದ್ದರೆ ಕರೆಂಟು ಎಲ್ಲೋ ಭೂಮಿಗೆ ಸೋರುತ್ತಿದೆ. ಮನುಷ್ಯರ ಜೀವ ಕಾಯುವ ಇಎಲ್‌ಸಿಬಿಯ ಮೇಲೆ 30 ಎಂಎ (ಮಿಲಿಆಂಪಿಯರ್) ಎಂದು ಬರೆದಿರಬೇಕು. ಹಳೆಯ ಬೋರ್ಡಿನಲ್ಲಿ 100 ಅಥವಾ 300 ಎಂದಿದ್ದರೆ ಅದು ಬೆಂಕಿ ಅನಾಹುತ ತಡೆಯಲು ಇಟ್ಟದ್ದು, ಶಾಕ್ ತಡೆಯಲು ಅದನ್ನು ನಂಬಬೇಡಿ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ. ಬೀಳದಿದ್ದರೆ ಬದಲಿಸಿ.

ಇಎಲ್‌ಸಿಬಿ ಬಿದ್ದರೆ ಗೀಸರಿನ ಪ್ಲಗ್ಗನ್ನು ಪೂರ್ತಿ ಎಳೆದು ತೆಗೆಯಿರಿ. ಬರೇ ಎಂಸಿಬಿ ಇಳಿಸಿ ಪರೀಕ್ಷೆ ಮಾಡಿದರೆ ದಾರಿ ತಪ್ಪುತ್ತದೆ, ಏಕೆಂದರೆ ಮನೆಯ ಸಾಮಾನ್ಯ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಭೂಮಿಗೆ ತಾಗಿದ್ದರೆ ಇಎಲ್‌ಸಿಬಿ ಆಗಲೂ ಬೀಳುತ್ತದೆ. ಪ್ಲಗ್ ತೆಗೆದ ಮೇಲೂ ಬಿದ್ದರೆ ತಪ್ಪು ಗೀಸರಿನದ್ದಲ್ಲ. ಮಳೆಗಾಲದಲ್ಲಿ ಅಂಗಳದ ದೀಪ, ಬಾವಿಯ ಪಂಪು, ಮಳೆ ಹೊಡೆಯುವ ಪಡುಗೋಡೆಯ ಸ್ವಿಚ್ ಬೋರ್ಡ್, ಈ ಮೂರನ್ನು ಮೊದಲು ನೋಡಿ. ಗೀಸರಿನ ಪ್ಲಗ್ ಹಾಕಿದ ಕೂಡಲೇ ಬಿದ್ದರೆ ಟರ್ಮಿನಲ್ ಒದ್ದೆಯಾಗಿರಬಹುದು ಅಥವಾ ಕಾಯಿಲ್ ಪೂರ್ತಿ ಹೋಗಿರಬಹುದು. ಐದು ಹತ್ತು ನಿಮಿಷ ಬಿಸಿಯಾದ ಮೇಲೆ ಬಿದ್ದರೆ ಕಾಯಿಲಿನ ಲೋಹದ ಕವಚದಲ್ಲಿ ಕೂದಲೆಳೆಯ ಬಿರುಕು ಇರುವ ಸಂಭವ ಹೆಚ್ಚು.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರು ಆರು ತಿಂಗಳು ಬೀಗ ಹಾಕಿದ ಮನೆಗೆ ಬಂದು ಗೀಸರ್ ಹಾಕುತ್ತಾರೆ, ಇಎಲ್‌ಸಿಬಿ ಬೀಳುತ್ತದೆ. ಕಾಯಿಲಿನೊಳಗೆ ತುಂಬಿರುವ ಬಿಳಿ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುದಿಯ ಸೀಲಿನ ಮೂಲಕ ಗಾಳಿಯ ಪಸೆ ಹೀರಿಕೊಂಡಿರುತ್ತದೆ. ಇದು ಕೆಟ್ಟ ಕಾಯಿಲ್ ಅಲ್ಲ. ತೆಗೆದು, ಒರೆಸಿ, ಬಿಸಿಲಲ್ಲಿ ಅಥವಾ ಬೆಚ್ಚಗಿನ ಜಾಗದಲ್ಲಿ ಚೆನ್ನಾಗಿ ಒಣಗಿಸಿ ಮೆಗ್ಗರಿನಲ್ಲಿ (ಕರೆಂಟು ಮೈಗೆ ಸೋರುತ್ತದೆಯೇ ಎಂದು ನೋಡುವ ಮೀಟರ್) ಅಳೆಯಲು ಹೇಳಿ. 1 ಮೆಗಾಓಮ್‌ಗಿಂತ ಸಾಕಷ್ಟು ಮೇಲೆ ತೋರಿಸಿದರೆ ಅದನ್ನೇ ಮತ್ತೆ ಹಾಕಬಹುದು. ಹೊಸ ಕಾಯಿಲಿಗೆ ದುಡ್ಡು ಕೊಡುವ ಮೊದಲು ಇದೊಂದು ಕೆಲಸ ಮಾಡಿಸಿ.

ಕರೆಂಟು ಗೀಸರಿನವರೆಗೆ ಸರಿಯಾಗಿ ಬರುತ್ತಿದೆಯೇ?

2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದ್ದು 13. ಎರಡಕ್ಕೂ 16 ಆಂಪಿಯರಿನ ದಪ್ಪ ಪಿನ್ನಿನ ಸಾಕೆಟ್ಟೇ ಬೇಕು. ಮೇನ್ ಬೋರ್ಡಿನಿಂದ ಬೇರೆ ಯಾವುದಕ್ಕೂ ಕವಲೊಡೆಯದ ಒಂದೇ ಲೈನ್ ಎಳೆಸಿ: 2 ಕಿಲೋವ್ಯಾಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, 16 ಆಂಪಿಯರ್ ಎಂಸಿಬಿ. 3 ಕಿಲೋವ್ಯಾಟಿಗೆ 4 ಚದರ ಮಿಲಿಮೀಟರ್, 20 ಆಂಪಿಯರ್ ಎಂಸಿಬಿ. ಹಳೆಮನೆಗಳ ಮಾಡಿನ ಪಕಾಸಿನ ಮೇಲೆ ಮರದ ಪಟ್ಟಿಗೆ ಹೊಡೆದ ರಬ್ಬರ್ ತಂತಿ ಇನ್ನೂ ಇದ್ದರೆ ಅದರಿಂದ ಗೀಸರಿಗೆ ಲೈನ್ ಕೊಡಲೇಬೇಡಿ. ಆ ರಬ್ಬರ್ ಬೆರಳಲ್ಲಿ ಹಿಡಿದರೆ ಒಣಗಿದ ಎಲೆಯಂತೆ ಪುಡಿಯಾಗುತ್ತದೆ. ಇಲಿ ಕಚ್ಚಿದ್ದು, ಗೆದ್ದಲು ತಿಂದದ್ದು ಬೇರೆ.

ಗೀಸರಿನ ದೀಪವೇ ಹೊತ್ತದಿದ್ದರೆ ಪ್ಲಗ್ ತೆಗೆದು ಪಿನ್ನುಗಳನ್ನು ನೋಡಿ. ಒಂದು ಪಿನ್ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ತಪ್ಪು ಅಲ್ಲಿಯೇ. ಉಪ್ಪು ಗಾಳಿಗೆ ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ, ಸಡಿಲಾದ ಜಾಗ ಕಾಯುತ್ತದೆ, ಕಾದಷ್ಟೂ ಮತ್ತೆ ಸಡಿಲಾಗುತ್ತದೆ. ಪ್ಲಗ್, ಸಾಕೆಟ್ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸ ಪ್ಲಗ್ಗನ್ನು ಸುಟ್ಟ ಸಾಕೆಟ್ಟಿಗೆ ಹಾಕಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ.

ದೀಪ ಹೊತ್ತುತ್ತದೆ, ಆದರೆ ನೀರು ಕಾಯಲು ತುಂಬ ಹೊತ್ತು ಬೇಕು ಎಂಬ ದೂರು ಇದ್ದರೆ ಮೊದಲು ವೋಲ್ಟೇಜ್ ಅಳೆಸಿ. 15 ಲೀಟರ್ ನೀರನ್ನು 27 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.58 ಯುನಿಟ್ ಬೇಕು. 2 ಕಿಲೋವ್ಯಾಟ್ ಕಾಯಿಲಿಗೆ ಅದು 17, 18 ನಿಮಿಷದ ಕೆಲಸ. ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಾಯಿಲ್ 1.2 ಕಿಲೋವ್ಯಾಟ್ ಮಾತ್ರ ಕೊಡುತ್ತದೆ, ಹೊತ್ತು 28 ನಿಮಿಷ ದಾಟುತ್ತದೆ. ಇದಕ್ಕೆ ಗೀಸರ್ ಬಿಚ್ಚಿ ಪ್ರಯೋಜನವಿಲ್ಲ. ಮೆಸ್ಕಾಂನ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮನೆಯ ಕೆಲವು ದೀಪ ಇದ್ದಕ್ಕಿದ್ದಂತೆ ಪ್ರಖರವಾಗಿ, ಉಳಿದವು ಮಂಕಾದರೆ ನ್ಯೂಟ್ರಲ್ ಕಡಿದಿದೆ ಎಂದು ತಿಳಿದು ಆ ಕ್ಷಣವೇ ಮೇನ್ ಆಫ್ ಮಾಡಿ, ಆಮೇಲೆ ಕರೆ ಮಾಡಿ.

ಅರ್ತಿಂಗ್: ಹಳೆಮನೆಗಳ ದೊಡ್ಡ ಕೊರತೆ

ಸಾಕೆಟ್ಟಿನಲ್ಲಿ ಮೂರು ತೂತು ಇದೆ ಎಂದರೆ ಅರ್ತಿಂಗ್ ಇದೆ ಎಂದಲ್ಲ. ಹಿಂದೆ ಎಷ್ಟೋ ಮನೆಗಳಲ್ಲಿ ಅರ್ತ್ ತಂತಿಯನ್ನು ನೆಲದೊಳಗೆ ಹೋಗುವ ಕಬ್ಬಿಣದ ನೀರಿನ ಪೈಪಿಗೆ ಸುತ್ತಿಬಿಡುತ್ತಿದ್ದರು. ಆ ಪೈಪ್ ತುಕ್ಕು ಹಿಡಿದಾಗ ಪ್ಲಂಬರ್ ಬಂದು ಪಿವಿಸಿ ಹಾಕಿದ. ನೀರು ಸರಿಯಾಯಿತು, ಅರ್ತಿಂಗ್ ಸದ್ದಿಲ್ಲದೆ ಹೋಯಿತು. ಪೈಪ್ ಬದಲಿಸಿದ ಪ್ರತಿ ಹಳೆಮನೆಯಲ್ಲೂ ಇದನ್ನು ಪರೀಕ್ಷಿಸಲೇಬೇಕು.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅರ್ತ್ ಟೆಸ್ಟರಿನಿಂದ ಅಳೆದು ಓಮ್ ಲೆಕ್ಕ ಹೇಳುತ್ತಾರೆ. ಮಳೆಗಾಲದಲ್ಲಿ ಅಳೆದದ್ದನ್ನು ನಂಬಿ ಕೂರಬೇಡಿ. ಮುರಕಲ್ಲು ನೆಲ ಜುಲೈಯಲ್ಲಿ ನೀರು ಕುಡಿದು ಕರೆಂಟನ್ನು ಚೆನ್ನಾಗಿ ಹೀರುತ್ತದೆ, ಏಪ್ರಿಲಿನಲ್ಲಿ ಒಣಗಿ ಕಲ್ಲಾಗುತ್ತದೆ. ಸಿಡಿಲು ಮಳೆ ಬರುವುದೂ ಅದೇ ಏಪ್ರಿಲ್, ಮೇಯಲ್ಲಿ. ಹಾಗಾಗಿ ಏಪ್ರಿಲ್ ತಿಂಗಳ ಅಳತೆಯೇ ನಿಜವಾದ ಅಳತೆ.

ಹೊಸ ಅರ್ತ್ ಹೊಂಡಕ್ಕೆ 40 ಮಿಲಿಮೀಟರ್ ವ್ಯಾಸದ, 2.5 ಮೀಟರ್ ಉದ್ದದ, ಮೈಗೆ ತೂತು ಕೊರೆದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವುದು ರೂಢಿ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಉಪ್ಪು ಬೇಗ ತೊಳೆದುಹೋಗುತ್ತದೆ, ಇದ್ದಷ್ಟು ದಿನ ಪೈಪನ್ನೂ ತಿನ್ನುತ್ತದೆ. ಬೆಂಟೊನೈಟ್ ಜೇಡಿಪುಡಿ ತುಂಬಿಸುವುದು ಇಲ್ಲಿಗೆ ಹೆಚ್ಚು ಸೂಕ್ತ, ಖರ್ಚು ಸ್ವಲ್ಪ ಹೆಚ್ಚಾದರೂ. ಹೊಂಡವನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತೆಂಗಿನ ಕಟ್ಟೆಯ ಹತ್ತಿರ, ಅಂತೂ ಬೇಸಿಗೆಯಲ್ಲೂ ನೆಲ ತಂಪಾಗಿರುವ ಕಡೆ ಮಾಡಿಸಿ. ಮೇಲಿನ ಕ್ಲ್ಯಾಂಪಿನ ಬೋಲ್ಟ್ ತುಕ್ಕು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ಪೈಪ್ ಗಟ್ಟಿಯಾಗಿದ್ದು ಈ ಒಂದು ಬೋಲ್ಟ್ ಕಡಿದು ಅರ್ತ್ ಇಲ್ಲವಾದ ಮನೆಗಳು ಬಹಳ.

ಗೀಸರ್ ಬಿಚ್ಚುವುದು: ಕಾಯಿಲ್, ಥರ್ಮೋಸ್ಟ್ಯಾಟ್, ಆನೋಡ್

ಕರೆಂಟಿನ ಕೆಲಸ ತಿಳಿಯದಿದ್ದರೆ ಇದನ್ನು ನೀವು ಮಾಡಬೇಡಿ. ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಈ ಕ್ರಮ ಗೊತ್ತಿರಲಿ.

1. ಎಂಸಿಬಿ ಇಳಿಸಿ, ಪ್ಲಗ್ ತೆಗೆಯಿರಿ. ನೀರು ತಣ್ಣಗಾಗಲು ಬಿಸಿನೀರಿನ ನಲ್ಲಿ ತೆರೆದು ಎರಡು ಬಕೆಟ್ ನೀರು ಬಿಡಿ.
2. ಗೀಸರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ. ಹಳೆಯ ಗೇಟ್ ವಾಲ್ವ್ ತಿರುಗದಿದ್ದರೆ ಬಲ ಹಾಕಬೇಡಿ, ಒಳಗಿನ ಹಲಗೆ ಮುರಿದು ಅರ್ಧದಲ್ಲಿ ನಿಲ್ಲುತ್ತದೆ. ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ.
3. ಬಿಸಿನೀರಿನ ನಲ್ಲಿ ತೆರೆದಿಟ್ಟು, ಒಳಬರುವ ಪೈಪಿನ ನಟ್ ಸಡಿಲಿಸಿ ಅಥವಾ ಸೇಫ್ಟಿ ವಾಲ್ವಿನ ಸಣ್ಣ ಹಿಡಿ ಎತ್ತಿ ನೀರು ಇಳಿಸಿ. 15 ಲೀಟರಿನ ಗೀಸರಿಗೆ ಒಂದು ದೊಡ್ಡ ಬಕೆಟ್ ಕೆಳಗಿರಲಿ.
4. ಕೆಳಗಿನ ಮುಚ್ಚಳ ತೆಗೆದ ಕೂಡಲೇ ತಂತಿಗಳ ಫೋಟೋ ತೆಗೆಯಿರಿ. ಆಮೇಲೆಯೇ ಬಿಚ್ಚಲಿ.
5. ಕಾಯಿಲಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 3 ಕಿಲೋವ್ಯಾಟಿಗೆ ಸುಮಾರು 17ರಿಂದ 18 ಓಮ್, 2 ಕಿಲೋವ್ಯಾಟಿಗೆ 26 ಓಮ್ ಆಸುಪಾಸು, 1.5ಕ್ಕೆ 35. ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ತುದಿ ಮತ್ತು ಲೋಹದ ಮೈ ನಡುವೆ ಮೀಟರ್ ಏನನ್ನೂ ತೋರಿಸಬಾರದು. ತೋರಿಸಿದರೆ ಸೋರುವ ಕಾಯಿಲ್ ಅದೇ.
6. ಕಾಯಿಲ್ ಸರಿಯಿದ್ದರೆ ಥರ್ಮೋಸ್ಟ್ಯಾಟ್ (ಬೇಕಾದಷ್ಟು ಕಾದ ಮೇಲೆ ಕರೆಂಟು ಕಡಿಯುವ ಭಾಗ), ಅದರ ಪಕ್ಕದ ಥರ್ಮಲ್ ಕಟೌಟ್ (ಬಿಸಿ ಮಿತಿಮೀರಿದರೆ ಕಡಿಯುವ ಭಾಗ) ನೋಡಿ. ತಣ್ಣಗಿರುವಾಗ ಎರಡರಲ್ಲೂ ಕರೆಂಟು ಹಾದುಹೋಗಬೇಕು. ಕಟೌಟಿನ ನಡುವೆ ಸಣ್ಣ ಗುಂಡಿ ಇದ್ದರೆ ಒತ್ತಿ. ಟಕ್ ಎಂದರೆ ಅದು ಬಿದ್ದಿತ್ತು.
7. ಫ್ಲ್ಯಾಂಜಿನ, ಅಂದರೆ ಕಾಯಿಲ್ ಕೂರಿಸಿದ ಲೋಹದ ತಟ್ಟೆಯ ನಟ್ ತೆಗೆದು ಕಾಯಿಲ್ ಇಳಿಸಿ. ಜೊತೆಗೇ ಆನೋಡ್ ರಾಡ್ ಬರುತ್ತದೆ.

ಕಟೌಟ್ ಬಿದ್ದದ್ದನ್ನು ಒತ್ತಿ ಮುಗಿಸುವುದು ಅರ್ಧ ಕೆಲಸ. ಥರ್ಮೋಸ್ಟ್ಯಾಟ್ ಅಂಟಿಕೊಂಡು ನೀರು ಕುದಿಯತೊಡಗಿದಾಗಲೇ ಕಟೌಟ್ ಬೀಳುವುದು. ಎರಡನೇ ಸಲ ಬಿದ್ದರೆ ಥರ್ಮೋಸ್ಟ್ಯಾಟ್ ಬದಲಿಸಿ.

ಇನ್ನು ಆನೋಡ್. ಬೆರಳಿನಷ್ಟು ದಪ್ಪದ ಈ ಮೆಗ್ನೀಷಿಯಂ ಕೋಲಿನ ಕೆಲಸವೇ ಟ್ಯಾಂಕಿನ ಬದಲಿಗೆ ತಾನು ಕರಗುವುದು. ಒಳಗೆ ಗಾಜಿನ ಲೇಪನ ಇರುವ ಟ್ಯಾಂಕಿನಲ್ಲಿ ಲೇಪನದ ಸಣ್ಣ ಬಿರುಕುಗಳನ್ನು ತುಕ್ಕಿನಿಂದ ಕಾಯುವುದು ಅದೊಂದೇ. ನಮ್ಮ ಮೆದು, ಆಮ್ಲೀಯ ನೀರಿನಲ್ಲಿ ಅದು ಬೇಗ ಸವೆಯುತ್ತದೆ. ಹೊಸದರಲ್ಲಿ ನುಣ್ಣಗಿರುವ ಕೋಲು ಎರಡು ವರ್ಷದಲ್ಲಿ ಗೆದ್ದಲು ಹಿಡಿದ ಕೊಂಬೆಯ ಹಾಗೆ ಹೊಂಡ ಹೊಂಡವಾಗಿ, ಕೆಲವು ಕಡೆ ನಡುವಿನ ಉಕ್ಕಿನ ಸರಿಗೆ ಕಾಣುತ್ತದೆ. ಸರಿಗೆ ಕಂಡರೆ ಅಥವಾ ದಪ್ಪ ಅರ್ಧಕ್ಕೆ ಇಳಿದಿದ್ದರೆ ಬದಲಿಸಿ. ಬೋಲ್ಟಿನ ತಿರುಪಿನ (ಥ್ರೆಡ್) ಅಳತೆ ಒಂದೊಂದು ಕಂಪನಿಗೆ ಒಂದೊಂದು, ಆದ್ದರಿಂದ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬಾವಿನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಇದನ್ನು ತೆಗೆದು ನೋಡಬೇಕು. ಗೀಸರಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಕಾಯಿಲ್ ಬದಲಿಸುವುದಾದರೆ ಉಪ್ಪಂಶ ಇರುವ ಅಥವಾ ಬೋರ್‌ವೆಲ್ ನೀರಿಗೆ ತಾಮ್ರದ ಬದಲು ಇಂಕಲಾಯ್ ಎಂಬ ನಿಕ್ಕಲ್ ಮಿಶ್ರಲೋಹದ ಕವಚದ್ದು ಕೇಳಿ. ಬೋರ್‌ವೆಲ್ ನೀರಿನಿಂದ ಬಿಳಿ ಪದರ ಕಟ್ಟಿದ್ದರೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಫ್ಲ್ಯಾಂಜಿನ ರಬ್ಬರ್ ಗ್ಯಾಸ್ಕೆಟ್ ಪ್ರತಿ ಸಲ ಹೊಸದೇ ಇರಲಿ. ನಟ್ಟುಗಳನ್ನು ಎದುರೆದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೊನೆಗೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬರುವ ತನಕ ಸ್ವಿಚ್ ಹಾಕಬಾರದು. ನೀರಿಲ್ಲದೆ ಕಾಯ್ದ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಡುತ್ತದೆ. ಮೇ ತಿಂಗಳಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವಾಗ ಟ್ಯಾಂಕ್ ಖಾಲಿಯಾದದ್ದು ತಿಳಿಯದೆ ಕಾಯಿಲ್ ಹೋಗುವುದೂ ಹೀಗೆಯೇ.

ಸೋರಿಕೆ ಎಲ್ಲಿಂದ?

ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಮಾತ್ರ ಹನಿ ಬೀಳುವುದು ದೋಷವಲ್ಲ. 15 ಲೀಟರ್ ನೀರು 27ರಿಂದ 60 ಡಿಗ್ರಿಗೆ ಏರುವಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಹಿಂದಕ್ಕೆ ಹೋಗದಂತೆ ನಾನ್ ರಿಟರ್ನ್ ವಾಲ್ವ್ ಇದ್ದರೆ ಆ ನೀರು ಹೊರಬರಬೇಕಾದ ದಾರಿ ಅದೇ. ಹನಿ ಬೀಳುತ್ತದೆಂದು ಅದಕ್ಕೆ ಎಂಡ್ ಕ್ಯಾಪ್ ಬಿಗಿದು ಮುಚ್ಚಿದರೆ ಗೀಸರನ್ನು ಬಾಂಬ್ ಮಾಡಿ ಗೋಡೆಗೆ ತೂಗುಹಾಕಿದಂತೆ. ತಣ್ಣಗಿರುವಾಗಲೂ ಸೋರಿದರೆ ವಾಲ್ವ್ ಬದಲಿಸಿ. ಫ್ಲ್ಯಾಂಜಿನ ಸುತ್ತ ಸೋರಿದರೆ ಗ್ಯಾಸ್ಕೆಟ್. ಹೊರಗಿನ ಡಬ್ಬಿಯ ಸಂದಿಯಿಂದ ತುಕ್ಕು ನೀರು ಇಳಿದರೆ ಒಳಗಿನ ಟ್ಯಾಂಕ್ ತೂತಾಗಿದೆ. ಅದಕ್ಕೆ ಎಂ-ಸೀಲ್, ವೆಲ್ಡಿಂಗ್ ಯಾವುದೂ ನಿಲ್ಲುವುದಿಲ್ಲ, ವಾರಂಟಿ ಕಾರ್ಡ್ ಹುಡುಕಿ. ಬಿಸಿ ಪೈಪಿನ ಜಾಯಿಂಟ್ ಸೋರಿದರೆ ಅದು ಪಿವಿಸಿಯೇ, ಬಿಸಿನೀರು ತಾಳುವ ಸಿಪಿವಿಸಿಯೇ ನೋಡಿ. ಮಾಮೂಲಿ ಪಿವಿಸಿ 60 ಡಿಗ್ರಿಯ ಹತ್ತಿರವೇ ಮೆದುವಾಗುತ್ತದೆ.

ಕೆಂಪು ನೀರು ಬಂದರೆ ಹೆದರುವ ಮೊದಲು ತಣ್ಣೀರಿನ ನಲ್ಲಿಯಿಂದ ಒಂದು ಬಿಳಿ ಬಟ್ಟಲಲ್ಲಿ ನೀರು ಹಿಡಿದು ರಾತ್ರಿ ಇಡಿ. ಬೆಳಿಗ್ಗೆ ಅದೂ ಕೆಂಪಾಗಿದ್ದರೆ ಕಬ್ಬಿಣ ಬಾವಿಯದ್ದು, ಗೀಸರಿನದ್ದಲ್ಲ.

ಗೋಡೆಯ ಮಾತೂ ಇಲ್ಲೇ ಹೇಳಬೇಕು. 15 ಲೀಟರಿನ ಗೀಸರ್ ನೀರು ತುಂಬಿದಾಗ 25 ಕಿಲೋ ಆಸುಪಾಸು, 25 ಲೀಟರಿನದ್ದು 35 ದಾಟುತ್ತದೆ. ಮುರಕಲ್ಲು ಒಳಗೆ ತೂತು ತೂತಾದ ಕಲ್ಲು, ಹಳೆಯ ಗೋಡೆಗಳಲ್ಲಿ ಕಲ್ಲುಗಳ ನಡುವೆ ಬರೀ ಮಣ್ಣಿನ ಗಾರೆ. ಕಾಂಕ್ರೀಟಿಗಾಗಿ ಮಾಡಿದ ಹಿಗ್ಗುವ ಬೋಲ್ಟ್ ಅದರಲ್ಲಿ ಹಿಡಿಯುವುದಿಲ್ಲ, ಬಿಗಿದಷ್ಟೂ ಕಲ್ಲು ಪುಡಿಯಾಗುತ್ತದೆ. ಗೋಡೆಯ ಆಚೆ ಬದಿಗೆ ದಾಟುವ ಬೋಲ್ಟ್ ಹಾಕಿ ಅಲ್ಲಿ ಕಬ್ಬಿಣದ ಪಟ್ಟಿ ಕೊಡಿಸಿ, ಇಲ್ಲವೇ ಕಲ್ಲಿನ ನಡುವೆ ಹೊಂಡ ಮಾಡಿ ಸಿಮೆಂಟ್ ಕಾಂಕ್ರೀಟ್ ತುಂಬಿ ವಾರ ಬಿಟ್ಟು ಅದಕ್ಕೆ ಬೋಲ್ಟ್ ಹಾಕಿಸಿ.

ನೀರು ಉಗುರುಬೆಚ್ಚಗೆ ಮಾತ್ರ ಬರುತ್ತದೆ

ಗೀಸರ್ ಚೆನ್ನಾಗಿ ಕಾಯುತ್ತಿದ್ದೂ ನಲ್ಲಿಯಲ್ಲಿ ತಣ್ಣಗೆ ಬಂದರೆ ಮಿಕ್ಸರ್ ನಲ್ಲಿಯನ್ನು ಅನುಮಾನಿಸಿ. ಗೀಸರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರಿನ ಒಳಗೆ ವಾಶರ್ ಸವೆದು ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ. ಈ ಪರೀಕ್ಷೆ ಸೋಲಾರಿಗೂ ಸರಿ. ಬಿಸಿನೀರು ಸಣ್ಣಗೆ ಬಂದರೆ ಒಳಬರುವ ಪೈಪಿನ ಜಾಲರಿಯಲ್ಲಿ ಕೆಂಪು ಮಡ್ಡಿ ತುಂಬಿದೆಯೇ ನೋಡಿ.

ಸೋಲಾರ್

ಜೂನಿನಿಂದ ಸೆಪ್ಟೆಂಬರ್ ತನಕ ಸೋಲಾರ್ ನೀರು ಬಿಸಿಯಾಗದಿದ್ದರೆ ಅದು ಕೆಟ್ಟಿಲ್ಲ, ಮೋಡ ಇದೆ ಅಷ್ಟೇ. ಬಿಸಿಲಿದ್ದೂ ತಣ್ಣಗಿದ್ದರೆ ಗಾಜಿನ ಕೊಳವೆಗಳ ತುದಿ ನೋಡಿ. ಒಳ್ಳೆಯ ಕೊಳವೆಯ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಆ ಕೊಳವೆಯ ನಿರ್ವಾತ ಹೋಗಿದೆ. ಕೊಳವೆ ಬದಲಿಸುವುದು, ಖಾಲಿ ಸೋಲಾರಿಗೆ ನೀರು ತುಂಬುವುದು ಎರಡನ್ನೂ ಸೂರ್ಯ ಏರುವ ಮೊದಲೇ ಮುಗಿಸಿ. ಬಿಸಿಲಲ್ಲಿ ಕಾದ ಒಣ ಗಾಜಿಗೆ ತಣ್ಣೀರು ತಾಗಿದರೆ ಒಡೆದುಹೋಗುತ್ತದೆ.

ಟ್ಯಾಂಕಿನ ಮೇಲೆ ನಿಂತ ಗಾಳಿ ಪೈಪನ್ನು ವರ್ಷಕ್ಕೆರಡು ಸಲ ಪರೀಕ್ಷಿಸಿ. ಕಣಜ ಗೂಡು ಕಟ್ಟಿಯೋ ಕಸ ಕೂತೋ ಅದು ಮುಚ್ಚಿದರೆ ನೀರು ಇಳಿಯುವಾಗ ಒಳಗೆ ಗಾಳಿ ಬಾರದೆ ಟ್ಯಾಂಕ್ ಡಬ್ಬಿ ಒತ್ತಿದಂತೆ ಕುಗ್ಗಿಬಿಡುತ್ತದೆ. ಹಂಚಿನ ಮಾಡಿನ ಮೇಲೆ ಸೋಲಾರ್ ಕೂರಿಸುವುದಾದರೆ ಭಾರ ಗೋಡೆಗೆ ಅಥವಾ ಬೇರೆ ಕಂಬಕ್ಕೆ ಇಳಿಯಬೇಕು, ಹಂಚಿಗೂ ರೀಪಿಗೂ ಅಲ್ಲ. 100 ಲೀಟರಿನದ್ದರಲ್ಲಿ ನೀರೇ 100 ಕಿಲೋ. ತೆಂಗಿನ ಮರದ ನೇರ ಕೆಳಗಿನ ಜಾಗ ಬಿಟ್ಟುಬಿಡಿ. ಮಳೆಗಾಲಕ್ಕೆ ಒಳಗೆ ಕರೆಂಟು ಕಾಯಿಲ್ ಇದ್ದರೆ ಅರ್ತಿಂಗ್, ಇಎಲ್‌ಸಿಬಿಯ ಮಾತೆಲ್ಲ ಅದಕ್ಕೂ ಅನ್ವಯ. ಅದು ಮಳೆಯಲ್ಲೇ ನೆನೆಯುವ ವಸ್ತು, ಇನ್ನೂ ಹೆಚ್ಚು ಜಾಗ್ರತೆ ಬೇಕು.

ಗ್ಯಾಸ್ ಗೀಸರ್ ಬಚ್ಚಲೊಳಗೆ ಬೇಡ

ಹೊತ್ತದಿದ್ದರೆ ಕೆಳಗಿನ ಎರಡು ಬ್ಯಾಟರಿ ಬದಲಿಸಿ ನೋಡಿ, ನೀರಿನ ಒತ್ತಡ ಸಾಲುತ್ತದೆಯೇ ನೋಡಿ. ಹಂಚಿನ ಮನೆಯ ತಗ್ಗು ಟ್ಯಾಂಕಿನಿಂದ ಸಾಕಷ್ಟು ಒತ್ತಡ ಸಿಗುವುದಿಲ್ಲ. ಒಂದು ಮೀಟರ್ ಎತ್ತರಕ್ಕೆ 0.1 ಬಾರ್ ಮಾತ್ರ. ಆದರೆ ದುರಸ್ತಿಗಿಂತ ಮುಖ್ಯವಾದದ್ದು ಅದು ಇರುವ ಜಾಗ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಉರಿಯುವ ಗ್ಯಾಸ್ ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ತಿರುಗುತ್ತದೆ, ಕಾಲು ಸೋಲುತ್ತದೆ, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಹೀಗೆ ಜೀವ ಹೋದ ಮನೆಗಳಿವೆ. ದಯವಿಟ್ಟು ಅದನ್ನು ಹೊರಗಿನ ಗೋಡೆಗೆ, ಗಾಳಿಯಾಡುವ ಕಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ತಾಮ್ರದ ಬಾಯ್ಲರ್, ಬಚ್ಚಲ ಒಲೆ

ಇದ್ದರೆ ಕೆಡವಬೇಡಿ. ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಬಿಸಿನೀರು ಕೊಡುವುದು ಅದೊಂದೇ, ಉರುವಲು ಹಿತ್ತಿಲಲ್ಲೇ ಇದೆ: ಮಡಲು, ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ. ಮೇ ತಿಂಗಳಲ್ಲಿ ಹೊಗೆ ಕೊಳವೆಯ ಮಸಿ ಕೆರೆದು ತೆಗೆಯಿರಿ, ಉರುವಲನ್ನು ಒಳಗೆ ಒಟ್ಟಿ. ಬಾಯ್ಲರಿಗೆ ನೀರು ತುಂಬದೆ ಬೆಂಕಿ ಹಾಕಿದರೆ ಬೆಸುಗೆ ಕರಗಿ ಜಾಯಿಂಟ್ ಬಿಡುತ್ತದೆ. ಬುಡ ಸೋರಿದರೆ ತಾಮ್ರದ ಕೆಲಸದವರಿಂದ ಬೆಸುಗೆ ಹಾಕಿಸಬಹುದು. ತಾಮ್ರ ಕಾಗದದಷ್ಟು ತೆಳುವಾಗಿದ್ದರೆ ಬುಡವನ್ನೇ ಹೊಸದಾಗಿ ಕೂರಿಸಬೇಕು. ದೀಪಾವಳಿಗೆ ನೀರು ತುಂಬುವ ಹಬ್ಬದ ಸಂಜೆ ಹೇಗೂ ಹಂಡೆ, ಬಾಯ್ಲರ್ ತಿಕ್ಕಿ ತೊಳೆಯುತ್ತೀರಿ. ಆಗಲೇ ಬುಡದ ಒಳಮೈ ಸವರಿ ನೋಡಿ.

ದುರಸ್ತಿಯವರನ್ನು ಕರೆಯುವುದು

ಶಾಕ್, ಟ್ರಿಪ್, ಸಾಕೆಟ್ ಇವೆಲ್ಲ ಎಲೆಕ್ಟ್ರಿಷಿಯನ್ ಕೆಲಸ. ಸೋರಿಕೆ, ಸಣ್ಣ ನೀರು ಪ್ಲಂಬರ್ ಕೆಲಸ. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಬಿಟ್ಟು ಬೇರೆಯವರಿಂದ ಬಿಚ್ಚಿಸಬೇಡಿ. ವಾರಂಟಿ ಕಾರ್ಡಿನಲ್ಲಿ ಟ್ಯಾಂಕಿಗೆ, ಕಾಯಿಲಿಗೆ, ಇಡೀ ಗೀಸರಿಗೆ ಬೇರೆ ಬೇರೆ ಅವಧಿ ಬರೆದಿರುತ್ತದೆ, ಮೂರನ್ನೂ ಓದಿ. ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮಳೆ ಶುರುವಾದ ಮೇಲೆ ಒಳ್ಳೆಯ ಮೆಕ್ಯಾನಿಕ್ ಸಿಗುವುದು ಕಷ್ಟ. ಮೇ ಮೊದಲ ವಾರದಲ್ಲೇ ಕರೆಯಿರಿ. ಫೋನಿನಲ್ಲಿ "ಗೀಸರ್ ಹಾಳಾಗಿದೆ, ಒಮ್ಮೆ ಬನ್ನಿ" ಎಂದರೆ ಅವರು ಬರಿಗೈಯಲ್ಲಿ ಬರುತ್ತಾರೆ, ನೋಡಿ ಹೋಗುತ್ತಾರೆ, ಸಾಮಾನು ತರಲು ಇನ್ನೆರಡು ದಿನ. ಬದಲಿಗೆ ಗೀಸರಿನ ಮೈಮೇಲಿನ ಲೇಬಲ್ ಫೋಟೋ ಕಳಿಸಿ ಹೀಗೆ ಹೇಳಿ:

"ಅಣ್ಣ, 15 ಲೀಟರಿಂದು, 2 ಕಿಲೋವ್ಯಾಟ್, ಆರು ವರ್ಷ ಆಯ್ತು. ಹಾಕಿ ಹತ್ತು ನಿಮಿಷಕ್ಕೆ ಇಎಲ್‌ಸಿಬಿ ಬೀಳ್ತದೆ, ಎಂಸಿಬಿ ಅಲ್ಲ. ಪ್ಲಗ್ ತೆಗೆದ್ರೆ ಬೀಳುದಿಲ್ಲ. ಬಾವಿ ನೀರು. ಕಾಯಿಲ್, ಗ್ಯಾಸ್ಕೆಟ್, ಆನೋಡ್ ರಾಡ್ ಹಿಡ್ಕೊಂಡೇ ಬರ್ಲಿಕ್ಕೆ ಆಗ್ತದಾ?"

ಇಷ್ಟು ಹೇಳಿದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು. ಬರುವ ಮೊದಲೇ ಭೇಟಿಯ ಚಾರ್ಜ್ ಎಷ್ಟು, ದುರಸ್ತಿ ಮಾಡಿಸಿದರೆ ಅದು ಮಜೂರಿಯಲ್ಲಿ ಕಳೆಯುತ್ತದೆಯೇ ಎಂದು ಕೇಳಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ನಿಮ್ಮ ಕೈಗೇ ಕೊಡಲು ಹೇಳಿ.

ಎಷ್ಟೇ ಪರಿಚಯದವರಾದರೂ ನಾಲ್ಕು ಕೆಲಸಕ್ಕೆ ಒಪ್ಪಬೇಡಿ. ಟ್ರಿಪ್ ಆಗದಿರಲೆಂದು ಅರ್ತ್ ತಂತಿ ಕಡಿಯುವುದು, ಇಎಲ್‌ಸಿಬಿಯನ್ನು ಬಿಟ್ಟು ನೇರ ಲೈನ್ ಕೊಡುವುದು, ಕಟೌಟ್ ತೆಗೆದು "ಡೈರೆಕ್ಟ್" ಮಾಡುವುದು, ಸೇಫ್ಟಿ ವಾಲ್ವ್ ಮುಚ್ಚುವುದು. "ಸದ್ಯಕ್ಕೆ ಹೀಗೆ ಇರ್ಲಿ" ಎಂದು ಮಾಡಿದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಸಾಮಾನು ಸಿಗುವ ತನಕ ಒಲೆಯಲ್ಲಿ ನೀರು ಕಾಯಿಸಿ.

ಟ್ಯಾಂಕ್ ಗಟ್ಟಿಯಿದ್ದರೆ ಕಾಯಿಲ್, ಥರ್ಮೋಸ್ಟ್ಯಾಟ್, ವಾಲ್ವ್ ಎಷ್ಟು ಸಲ ಬದಲಿಸಿದರೂ ನಷ್ಟವಿಲ್ಲ. ಟ್ಯಾಂಕ್ ಹೋದರೆ ಮಾತ್ರ ಹೊಸದು. ಹೊಸದು ತರುವಾಗ ಐಎಸ್‌ಐ ಗುರುತು, ಸ್ಟಾರ್ ಲೇಬಲ್ ನೋಡಿ, ಆನೋಡ್ ಬಿಡಿಯಾಗಿ ಊರಲ್ಲೇ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.

ಮೆಕ್ಯಾನಿಕ್ ಹೊರಡುವ ಮೊದಲು ಗೀಸರ್ ಹಾಕಿ ಅರ್ಧ ಗಂಟೆ ಬಿಡಿ. ಥರ್ಮೋಸ್ಟ್ಯಾಟ್ 55ರಿಂದ 60 ಡಿಗ್ರಿಗೆ ಇರಲಿ, ದೀಪ ತಾನಾಗಿ ಆರಬೇಕು. ಅವರೆದುರೇ ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿ. ಪ್ಲಗ್ ತೆಗೆದು ಪಿನ್ ಮುಟ್ಟಿದರೆ ಸ್ವಲ್ಪ ಬೆಚ್ಚಗಿರಬಹುದು, ಕೈ ಸುಡುವಂತಿರಬಾರದು. ಫ್ಲ್ಯಾಂಜಿನ ಸುತ್ತ ಒಣ ಕಾಗದ ಒತ್ತಿ ಪಸೆ ಇದೆಯೇ ನೋಡಿ. ಆನೋಡ್ ಬದಲಿಸಿದ ತಿಂಗಳು, ವರ್ಷವನ್ನು ಮಾರ್ಕರಿನಲ್ಲಿ ಗೀಸರಿನ ಮೈಮೇಲೆಯೇ ಬರೆದಿಡಿ.